ಬಡ ದೇಶಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಸಾಲ ಮಾಡಿ ವಿದೇಶದಲ್ಲೇ ಓದಬೇಕೇ?

ವಿರಾಜಪೇಟೆಯಲ್ಲಿ ಪದವಿ ಮುಗಿಸಿದ್ದೀರಿ, ಆಫ್ರಿಕಾ ಮತ್ತು ಏಷ್ಯಾದ ಬಡ ದೇಶಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಆಸೆಯಿದೆ, ಅದಕ್ಕಾಗಿ ಸಾಲ ಮಾಡಿ ವಿದೇಶದ ಕೋರ್ಸ್ ಸೇರಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ ಎನ್ನುತ್ತೇನೆ. ಹಿಂದೆ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಈಗ ಗೋಣಿಕೊಪ್ಪಲು ಸುತ್ತಮುತ್ತಲಿನ ಯುವಕ ಯುವತಿಯರಿಗೆ ವರದಿಗಾರಿಕೆ, ಕ್ಯಾಮೆರಾ ಕೆಲಸ ಹೇಳಿಕೊಡುತ್ತೇನೆ.

ಹೊಸಬರು ತರುವ ಮೊದಲ ವಿಡಿಯೊ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ: ಸುಕ್ಕುಗಟ್ಟಿದ ಮುಖ, ಬರಿಗಾಲಿನ ಮಗು, ಹಿನ್ನೆಲೆಯಲ್ಲಿ ಕೊಳಲು. ನೋಡಿದವರು ಅಯ್ಯೋ ಪಾಪ ಎನ್ನುತ್ತಾರೆ. ಆದರೆ ಆ ಮನೆಗೆ ಪಡಿತರ ಏಕೆ ಸಿಗುತ್ತಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ನಾನು ಮೊದಲು ಕಲಿಸುವುದು ಕಾಗದ ಕೇಳುವುದನ್ನು. ಕಾಫಿ ತೋಟದ ಕಾರ್ಮಿಕರು ವಾಸಿಸುವ ಸಾಲು ಮನೆಗೆ, ಅಂದರೆ ಲೈನ್ ಮನೆಗೆ ಹೋದಾಗ ‘ನಿಮಗೆ ಏನನ್ನಿಸುತ್ತದೆ’ ಎಂಬ ಪ್ರಶ್ನೆ ಕೊನೆಗಿರಲಿ. ಪಡಿತರ ಚೀಟಿ ಇದೆಯೇ, ಆಧಾರ್‌ನಲ್ಲಿ ಯಾವ ವಿಳಾಸವಿದೆ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ಏನೆಂದು ಹಿಂಬರಹ ಬಂತು ಎಂದು ಮೊದಲು ಕೇಳಿ. ಲೈನ್ ಮನೆ ತೋಟದ ಮಾಲೀಕರದ್ದು, ವಿಳಾಸವೂ ಅವರದ್ದೇ. ತಲೆಮಾರುಗಳಿಂದ ಇಲ್ಲೇ ದುಡಿಯುತ್ತಿರುವ ಯರವ ಆದಿವಾಸಿ ಕುಟುಂಬಕ್ಕೆ ತಾನು ಎಲ್ಲಿ ವಾಸವಿದ್ದೇನೆಂದು ತೋರಿಸಲು ಒಂದು ಚೂರು ಕಾಗದವೂ ಇಲ್ಲವೆಂದಾದರೆ, ನಿಮ್ಮ ಚಿತ್ರ ಅಲ್ಲಿಂದ ಶುರುವಾಗಬೇಕು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ಟಿವಿಯವರೆಲ್ಲ ಬಂದರು. ಆ ಆದಿವಾಸಿಗಳಲ್ಲಿ ಹಲವರು ಲೈನ್ ಮನೆ ಬಿಟ್ಟು ಅಲ್ಲಿಗೆ ಬಂದದ್ದೇಕೆ ಎಂದು ಕೇಳಿದವರು ಕಡಿಮೆ.

ನೀವು ಆಫ್ರಿಕಾದ ಮಾತೆತ್ತಿದ್ದರಿಂದ ಒಂದು ಹಳೆಯ ಚಿತ್ರದ ಬಗ್ಗೆ ಹೇಳುತ್ತೇನೆ. 1993ರಲ್ಲಿ ದಕ್ಷಿಣ ಸುಡಾನಿನ ಅಯೋದ್‌ನಲ್ಲಿ ಛಾಯಾಗ್ರಾಹಕ ಕೆವಿನ್ ಕಾರ್ಟರ್ ತೆಗೆದ ಚಿತ್ರ: ಕುಸಿದು ಕುಳಿತ ಮಗು, ಹಿಂದೆ ರಣಹದ್ದು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಮಗು ಏನಾಯಿತು ಎಂದು ಓದುಗರು ಕೇಳಿದರೆ ಅದನ್ನು ಪ್ರಕಟಿಸಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬಳಿ ಸರಿಯಾದ ಉತ್ತರವಿರಲಿಲ್ಲ. ಹೆಣ್ಣುಮಗು ಎಂದೇ ಜಗತ್ತು ನಂಬಿತ್ತು. 2011ರಲ್ಲಿ ಸ್ಪೇನಿನ ಪತ್ರಿಕೆಯೊಂದು ಆ ಊರಿಗೇ ಹೋಗಿ ವಿಚಾರಿಸಿದಾಗ ಗೊತ್ತಾದದ್ದು, ಅದು ಗಂಡುಮಗು, ಆ ಬರಗಾಲದಲ್ಲಿ ಅವನು ಸಾಯಲಿಲ್ಲ. ದೊಡ್ಡವನಾದ ಮೇಲೆ ಜ್ವರದಿಂದ ತೀರಿಕೊಂಡಿದ್ದ. ಚಿತ್ರವನ್ನು ಹತ್ತಿರದಿಂದ ನೋಡಿ. ಮಗುವಿನ ಮಣಿಕಟ್ಟಿನಲ್ಲಿ ಒಂದು ಬಿಳಿ ಪಟ್ಟಿಯಿದೆ, ಅದರ ಮೇಲೆ ‘ಟಿ3’ ಎಂದು ಬರೆದಿದೆ. ಅಂದರೆ ಆಹಾರ ಕೇಂದ್ರದಲ್ಲಿ ಆ ಮಗುವಿನ ದಾಖಲೆ ಆಗಲೇ ಇತ್ತು. ಹದ್ದನ್ನು ಎಲ್ಲರೂ ನೋಡಿದರು, ಪಟ್ಟಿಯನ್ನು ಓದಲು ಹದಿನೆಂಟು ವರ್ಷ ಬೇಕಾಯಿತು. ಛಾಯಾಗ್ರಾಹಕನೊಬ್ಬನನ್ನೇ ದೂರುವುದು ಸುಲಭ; ಊರಿನ ಹೆಸರು, ತಂದೆಯ ಹೆಸರು ಬರೆದುಕೊಂಡು ಬಾ ಎಂದು ಕೇಳದ ಸಂಪಾದಕರದ್ದೂ ಅದರಲ್ಲಿ ಪಾಲಿದೆ.

ಅಭ್ಯಾಸಕ್ಕೆ ನಾನು ಕೊಡುವ ಕೆಲಸ ಕಾಫಿ ಕೊಯ್ಲಿನ ಸಂಜೆಯ ತೂಕ. ಮೂರು ನಿಮಿಷದ ವಿಡಿಯೊ, ಸಂಗೀತ ಹಾಕುವಂತಿಲ್ಲ, ವಿವರಣೆಯ ದನಿಯೂ ಕೂಡದು. ಮೂಟೆ ಎಳೆದು ತರುತ್ತಾರೆ, ತಕ್ಕಡಿಗೆ ಏರಿಸುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ್ ಕಿಲೋ ಕೂಗಿ ಪುಸ್ತಕದಲ್ಲಿ ಬರೆಯುತ್ತಾರೆ. ಚೀಲದ ತೂಕವೆಂದು ಎಷ್ಟು ಕಳೆದರು? ಮೂಟೆ ತಂದ ಹೆಂಗಸು ಅಂಕಿ ನೋಡಿದಳೋ, ಓದು ಬಾರದೆ ರೈಟರ್ ಮುಖ ನೋಡಿದಳೋ? ಗಂಡ ಹೆಂಡತಿ ಇಬ್ಬರೂ ಕೊಯ್ದದ್ದನ್ನು ಯಾರ ಹೆಸರಿಗೆ ಬರೆದರು? ಇಷ್ಟನ್ನು ಮಾತಿಲ್ಲದೆ ತೋರಿಸಲು ಬಂದವರು ಆಫ್ರಿಕಾದ ಮಲಾವಿಯ ಹೊಗೆಸೊಪ್ಪಿನ ತೋಟಕ್ಕೂ ಧೈರ್ಯವಾಗಿ ಹೋಗಬಹುದು.

ಎರಡನೆಯ ಅಭ್ಯಾಸ, ಎಲ್ಲರೂ ಹೊರಟುಹೋದ ಮೇಲೆ ಹೋಗುವುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದ ವೇಳೆ ಮನೆಯೊಂದು ಗುಡ್ಡದಿಂದ ಜಾರಿ ಉರುಳುವ ದೃಶ್ಯವನ್ನು ಟಿವಿಗಳು ದಿನವಿಡೀ ತೋರಿಸಿದವು. ಜಂಬೂರು, ಮದೆನಾಡು, ಕರ್ಣಂಗೇರಿಯ ಹೊಸ ಬಡಾವಣೆಗಳಲ್ಲಿ ಆಗ ಮನೆ ಕಳೆದುಕೊಂಡ ಜನ ಈಗ ಹೇಗಿದ್ದಾರೆ, ಕೆಲಸಕ್ಕೆ ಎಷ್ಟು ದೂರ ಹೋಗುತ್ತಾರೆ ಎಂಬುದು ಇಂದಿಗೂ ಒಳ್ಳೆಯ ವಿಷಯ.

ಇನ್ನೊಂದು ದಾರಿಯೂ ಇದೆ. ಆನೆ-ಮಾನವ ಸಂಘರ್ಷದ ಚಿತ್ರ ತೆಗೆಯಲು ಹೊರಗಿನ ತಂಡಗಳು ಇಲ್ಲಿಗೆ ಬರುತ್ತಲೇ ಇರುತ್ತವೆ. ಜಾಗ ತೋರಿಸಿ, ಮಾತು ಅನುವಾದಿಸಿ, ಜನರನ್ನು ಒಪ್ಪಿಸಿ ಕೊಡುವ ಸ್ಥಳೀಯರನ್ನು ಈ ವೃತ್ತಿಯಲ್ಲಿ ಫಿಕ್ಸರ್ ಎನ್ನುತ್ತಾರೆ. ಕೊಡವ ತಕ್ಕ್, ಮಲಯಾಳಂ ಬಂದರೆ ಆ ಕೆಲಸ ಹಿಡಿಯಿರಿ. ಮುಂದೆ ನೀವೇ ಬೇರೆ ದೇಶಕ್ಕೆ ಹೋದಾಗ ಅಲ್ಲಿನ ಫಿಕ್ಸರ್‌ಗೆ ಎಷ್ಟು ಕೊಡಬೇಕು, ಅವರ ಹೆಸರನ್ನು ಚಿತ್ರದ ಕೊನೆಯಲ್ಲಿ ಎಲ್ಲಿ ಹಾಕಬೇಕು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾನೂನನ್ನು ಕಡೆಗಣಿಸಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಹಿರಂಗಪಡಿಸುವುದು 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪರಾಧ. ಹೆಸರು ಬಿಟ್ಟು ಶಾಲೆ, ನೆರೆಹೊರೆ ತೋರಿಸಿದರೂ ಅಷ್ಟೇ. ಸಲಕರಣೆಗೆ ಮೊಬೈಲ್ ಸಾಕು, ಉಳಿದ ಹಣದಲ್ಲಿ ಒಳ್ಳೆಯ ಕಾಲರ್ ಮೈಕ್ ಕೊಳ್ಳಿ. ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ಸಂದರ್ಶನಕ್ಕೆ ಕೂತರೆ ಮಳೆಯ ಸದ್ದಿನಲ್ಲಿ ಮಾತೇ ಕೇಳಿಸುವುದಿಲ್ಲ. ಕ್ಯಾಮೆರಾ ಇದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಮ್ಮ ಮಳೆಗಾಲ ಲೆನ್ಸಿಗೆ ಬೂಷ್ಟು ಹಿಡಿಸದೆ ಬಿಡುವುದಿಲ್ಲ.

ಓದಲೇಬೇಕೆಂದರೆ ದೆಹಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದಲ್ಲಿ 1982ರಿಂದ ಇರುವ ಸಮೂಹ ಸಂವಹನ ಕೇಂದ್ರ, ಪುಣೆ ಮತ್ತು ಕೋಲ್ಕತ್ತದ ಸರ್ಕಾರಿ ಚಿತ್ರ ಸಂಸ್ಥೆಗಳನ್ನು ಮೊದಲು ನೋಡಿ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪರಿ’ ಜಾಲತಾಣದಲ್ಲಿ ಗ್ರಾಮೀಣ ವರದಿಗಳು ಕನ್ನಡದಲ್ಲೂ ಸಿಗುತ್ತವೆ, ದಿನಕ್ಕೊಂದು ಓದಿ. ಬ್ರಿಟನ್ನಿನ ಒನ್ ವರ್ಲ್ಡ್ ಮೀಡಿಯಾ ಸಂಸ್ಥೆ ಹೊಸಬರಿಗೆ ಇಂಥ ವಿಷಯಗಳಿಗೇ ಫೆಲೋಶಿಪ್ ಕೊಡುತ್ತದೆ. ಅಲ್ಲಿ ಅರ್ಜಿ ಹಾಕುವಾಗ ನಿಮ್ಮ ಹಳೆಯ ಕೆಲಸ ತೋರಿಸಬೇಕಾಗುತ್ತದೆ, ತೂಕದ ಆ ಮೂರು ನಿಮಿಷ ಆಗ ಉಪಯೋಗಕ್ಕೆ ಬರುತ್ತದೆ.

ಕೊಯ್ಲು ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ತೋಟ ಖಾಸಗಿ ಜಾಗವಾದ್ದರಿಂದ ಮಾಲೀಕರ ಅನುಮತಿ ಮೊದಲೇ ಪಡೆದಿರಿ. ಆದರೆ ಕಾರ್ಮಿಕರ ಸಂದರ್ಶನವನ್ನು ಮಾಲೀಕರ, ಮೇಸ್ತ್ರಿಯ ಎದುರಿಗೆ ಮಾಡಬೇಡಿ. ಸಂತೆಯ ದಿನ ಸಿದ್ದಾಪುರಕ್ಕೆ ಹೋದರೆ ಕಾರ್ಮಿಕರೇ ಸಿಗುತ್ತಾರೆ. ವಿಡಿಯೊ ಆದ ಮೇಲೆ ಕಳುಹಿಸಿ, ನೋಡಿ ಹೇಳುತ್ತೇನೆ.