ಇರಾಕಿನ ಬಸ್ರಾ ರೀಡ್ ವಾರ್ಬ್ಲರ್ ಹಕ್ಕಿ ಯಾಕೆ ಅಪಾಯದಲ್ಲಿದೆ?

ಇದಕ್ಕೆ ಮರಿ ಮಾಡಲು ನೀರಲ್ಲಿ ಬೆಳೆದ ಜೊಂಡು ಬೇಕೇ ಬೇಕು. ಆ ನೀರೇ ಕಡಿಮೆಯಾಗುತ್ತಿದೆ. ಅದಕ್ಕೇ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಹಕ್ಕಿ.

ಇರಾಕ್ ಅಂದ್ರೆ ಬರೀ ಮರಳು ಅಲ್ಲ. ದಕ್ಷಿಣದಲ್ಲಿ ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಹರಡಿಕೊಂಡು ದೊಡ್ಡ ಜೌಗು ಪ್ರದೇಶ ಆಗಿದೆ. ಈ ಹಕ್ಕಿಗಳಲ್ಲಿ ಬಹುಪಾಲು ಮರಿ ಮಾಡುವುದು ಅಲ್ಲೇ. ಜೊಂಡಿನ ಕಡ್ಡಿಗಳನ್ನು ಸೇರಿಸಿ ಬಟ್ಟಲಿನಂಥ ಗೂಡು ಹೆಣೆಯುತ್ತದೆ. ಕೆಳಗೆ ನೀರಿರುವಷ್ಟು ದಿನ ನೆಲದ ಮೇಲೆ ಓಡಾಡುವ ಪ್ರಾಣಿಗಳು ಗೂಡಿನ ಹತ್ತಿರ ಬರೋದು ಕಷ್ಟ. ನೀರು ಇಂಗಿದರೆ ಆ ಕಾವಲೂ ಇಲ್ಲ, ಆಮೇಲೆ ಜೊಂಡೂ ಇಲ್ಲ.

ತನ್ನ ವಿರುದ್ಧ ನಡೆದ 1991ರ ದಂಗೆಯ ನಂತರ ಸದ್ದಾಂ ಹುಸೇನ್ ಸರ್ಕಾರ ಒಡ್ಡು ಕಟ್ಟಿ, ಕಾಲುವೆ ತೋಡಿ ನೀರನ್ನು ಬೇಕಂತಲೇ ಬೇರೆ ಕಡೆ ತಿರುಗಿಸಿತು. ಸುಮಾರು ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ 90% ಜೌಗು ಒಣಗಿಹೋಯಿತು. 2003ರಲ್ಲಿ ಅಲ್ಲಿನ ಜನರೇ ಒಡ್ಡು ಒಡೆದರು. ನೀರು ಬಂತು, ಒಂದಷ್ಟು ಜೊಂಡು ಚಿಗುರಿತು. 2016ರಲ್ಲಿ ಯುನೆಸ್ಕೋ ಈ ಜಾಗವನ್ನು ವಿಶ್ವ ಪರಂಪರೆ ಪಟ್ಟಿಗೂ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ನದಿಯಲ್ಲಿ ನೀರು ಬರಲ್ಲ, ಅಲ್ವಾ? ಮೇಲ್ಗಡೆ ಟರ್ಕಿ, ಇರಾನ್‌ನಲ್ಲಿ ಅಣೆಕಟ್ಟುಗಳಿವೆ, ಇರಾಕಿನಲ್ಲೂ ಇವೆ. ಜೊತೆಗೆ ಈಚಿನ ಬರಗಾಲ ಬೇರೆ.

ಚಳಿಗಾಲಕ್ಕೆ ಇದು ಕೀನ್ಯಾ, ತಾಂಜಾನಿಯಾ, ಮೊಜಾಂಬಿಕ್ ಕಡೆ ಹೋಗುತ್ತದೆ. ಅಲ್ಲೂ ನೀರಂಚಿನ ಪೊದೆಗಳನ್ನು ಕಡಿದು ಹೊಲ ಮಾಡುವುದು ಜಾಸ್ತಿಯಾಗಿದೆ.