ಕೇರಳದಲ್ಲಿ ಕನ್ನಡ ಲೈಬ್ರರಿ ಯಾಕೆ ಅಂತ ಕೇಳಿದ ಗೆಳೆಯನಿಗೆ

ನಮ್ಮ ಲೈಬ್ರರಿಯ ಬೇಸಿಗೆ ಶಿಬಿರದ ಫೋಟೋ ನೋಡಿ ನೀನು ಬರೆದದ್ದನ್ನು ಓದಿದೆ. "ಕೇರಳದಲ್ಲಿ ಕನ್ನಡ ಲೈಬ್ರರಿಯಾ? ಅಲ್ಲಿ ಕನ್ನಡ ಓದುವ ಮಕ್ಕಳು ಇದ್ದಾರಾ? ಇಷ್ಟು ಒದ್ದಾಡುವ ಬದಲು ಸುಮ್ನೆ ಮಲಯಾಳಂ ಲೈಬ್ರರಿ ಮಾಡಬಹುದಲ್ಲ?" ಬೆಂಗಳೂರಿನಲ್ಲಿ ಕುಳಿತವನಿಗೆ ಹಾಗೆ ಅನ್ನಿಸುವುದು ಸಹಜ. ಆದರೂ ಬೇಜಾರಾಯಿತು ಮಾರಾಯ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಫೋಟೋದಲ್ಲಿ ಇದ್ದವರಿಂದಲೇ ಶುರು ಮಾಡುತ್ತೇನೆ. ಮುಂದೆ ಕುಳಿತ ಹುಡುಗಿ ಮನೆಯಲ್ಲಿ ಬ್ಯಾರಿ ಮಾತಾಡುತ್ತಾಳೆ. ಪಕ್ಕದ ಹುಡುಗನದು ತುಳು. ಅವರ ಹಿಂದಿನ ಅಕ್ಕ ತಂಗಿಯರದು ಹವ್ಯಕ. ಕೊನೆಯಲ್ಲಿ ಗೋಡೆಗೆ ಒರಗಿದವನದು ಕೊಂಕಣಿ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಪೇಟೆಯಲ್ಲಿ ಬೇಕಾದಷ್ಟು ಮಲಯಾಳಂ ಎಲ್ಲರಿಗೂ ಬರುತ್ತದೆ. ಆದರೆ ಶಾಲೆಯಲ್ಲಿ ಓದುವುದು, ಬರೆಯುವುದು ಕನ್ನಡ. ಅಂದರೆ ಅವರವರ ಮನೆಮಾತು ಬೇರೆ ಬೇರೆಯಾದರೂ ಒಟ್ಟಿಗೆ ಕೂತು ಕಥೆ ಓದಬೇಕಾದರೆ ಅವರಿಗೆಲ್ಲ ಇರುವುದು ಕನ್ನಡ ಒಂದೇ. ಮಲಯಾಳಂ ಪುಸ್ತಕವೂ ನಮ್ಮ ಕಪಾಟಿನಲ್ಲಿ ಉಂಟು, ಅದನ್ನೂ ಒಯ್ಯುತ್ತಾರೆ. ನಮಗೆ ಆ ಭಾಷೆಯ ಮೇಲೆ ಯಾವ ಜಗಳವೂ ಇಲ್ಲ.

ಊರಿನ ಲೆಕ್ಕ ನಿನಗೆ ಗೊತ್ತಿರಲಿ. ನಮ್ಮದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಗಿನ ಒಂದು ಹಳ್ಳಿ. ಬೆಳಿಗ್ಗೆ ಮಂಗಳೂರಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ತಿರುವನಂತಪುರಕ್ಕೆ ಹೋಗಬೇಕಾದರೆ ರೈಲಿನಲ್ಲಿ ಒಂದು ಹಗಲೋ ರಾತ್ರಿಯೋ ಕಳೆಯಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ದಿನ ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಅಂತ ಹೇಳಿತು. ಅದು ಆಗಲಿಲ್ಲ. ಆ ಕಥೆಯನ್ನು ನಮ್ಮ ಅಜ್ಜಂದಿರು ಸಾಕಷ್ಟು ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನಾವು ಎಲ್ಲಿಂದಲೋ ಬಂದು ಇಲ್ಲಿ ನೆಲೆಸಿದವರಲ್ಲ. ನಾವು ಇದ್ದಲ್ಲೇ ಇದ್ದೇವೆ, ಬದಲಾದದ್ದು ಗಡಿ. ನಮ್ಮ ಲೈಬ್ರರಿ ನಡೆಯುತ್ತಿರುವುದು ಕೇರಳದ ವ್ಯವಸ್ಥೆಯೊಳಗೆ, ಮತ್ತು ಆ ವ್ಯವಸ್ಥೆಯ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆ ಉಂಟು.

ನಿಮ್ಮಲ್ಲಿ ಹಳ್ಳಿಯ ಲೈಬ್ರರಿ ಅಂದರೆ ಸರ್ಕಾರದ್ದು. ಮೊದಲು ಇಲಾಖೆ ನೋಡಿಕೊಳ್ಳುತ್ತಿತ್ತು, ಈಗ ಪಂಚಾಯಿತಿ ನಡೆಸುತ್ತದೆ, ಅರಿವು ಕೇಂದ್ರ ಅಂತ ಹೆಸರು. ಇಲ್ಲಿ ಹಾಗಲ್ಲ. ಊರವರೇ ಸೇರಿ ಲೈಬ್ರರಿ ಕಟ್ಟುತ್ತಾರೆ, ಸದಸ್ಯರು ಸಮಿತಿಯನ್ನು ಆರಿಸುತ್ತಾರೆ. ರಾಜ್ಯದ ಲೈಬ್ರರಿ ಕೌನ್ಸಿಲ್ ಮಾನ್ಯತೆ ಕೊಟ್ಟು, ವರ್ಷ ವರ್ಷ ಪರಿಶೀಲನೆ ಮಾಡಿ, ದರ್ಜೆ ನೋಡಿ ಅನುದಾನ ಕೊಡುತ್ತದೆ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಒಂದು ಸಂಘ ಕಟ್ಟಿದರು. ಇವತ್ತಿನ ಈ ವ್ಯವಸ್ಥೆ ಅದರಿಂದಲೇ ಬೆಳೆದದ್ದು. ಅವರು ತೀರಿಕೊಂಡ ಜೂನ್ 19ನ್ನು ಇಡೀ ಕೇರಳ ಓದುವ ದಿನವಾಗಿ ಆಚರಿಸುತ್ತದೆ. ನಾವೂ ಆಚರಿಸುತ್ತೇವೆ, ಕನ್ನಡದಲ್ಲಿ. ಮಕ್ಕಳು ಪಣಿಕ್ಕರ್ ಬಗ್ಗೆ ಕನ್ನಡದಲ್ಲಿ ಭಾಷಣ ಮಾಡುವುದನ್ನು ನೀನು ಒಮ್ಮೆ ಬಂದು ಕೇಳಬೇಕು.

ಶಿಬಿರದ ದಿನಚರಿ ಎಲ್ಲ ಕಡೆ ಇರುವಂಥದ್ದೇ. ಹಾಡು, ಚಿತ್ರ, ಮಣ್ಣಿನ ಕೆಲಸ, ಹತ್ತೂವರೆಗೆ ಮಜ್ಜಿಗೆ. ಎರಡು ಸಂಗತಿ ಮಾತ್ರ ನಮ್ಮವೇ ಅನ್ನಬೇಕು. ಒಂದು ಯಕ್ಷಗಾನ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ, ಹಾಗಾಗಿ ಹೆಜ್ಜೆ ಹೇಳಿಕೊಡಲು ಬೇರೆ ಊರಿನಿಂದ ಯಾರನ್ನೂ ಕರೆಸಬೇಕಾಗಿಲ್ಲ. ಕಷ್ಟ ಏನೆಂದರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಮೇಳಗಳ ತಿರುಗಾಟ ಇರುತ್ತದೆ. ರಾತ್ರಿ ಆಟ ನೋಡಿದ ಮಕ್ಕಳು ಬೆಳಿಗ್ಗೆ ಶಿಬಿರದಲ್ಲಿ ತೂಕಡಿಸುತ್ತಾರೆ. ಗದರಿಸಲು ಮನಸ್ಸು ಬರುವುದಿಲ್ಲ. ಅವರು ಕಲಿಯುವುದು ಅಲ್ಲಿಂದಲೂ ಹೌದಲ್ವಾ? ಇನ್ನೊಂದು ಕೈಬರಹದ ಪತ್ರಿಕೆ. ಇದು ಕೇರಳದ ಲೈಬ್ರರಿಗಳ ಹಳೆಯ ರೂಢಿ. ನಮ್ಮ ಬಾಲವೇದಿಯ, ಅಂದರೆ ಲೈಬ್ರರಿಯ ಮಕ್ಕಳ ಕೂಟದ, ಮಕ್ಕಳು ಅದನ್ನು ಮೇ ತಿಂಗಳಲ್ಲಿ ತಯಾರಿಸುತ್ತಾರೆ. ಕೆಲವು ಪುಟ ಕನ್ನಡ, ಕೆಲವು ಮಲಯಾಳಂ, ನಡುವೆ ಕನ್ನಡ ಲಿಪಿಯಲ್ಲಿ ತುಳು ಒಗಟುಗಳು. ಅಂಥ ಪತ್ರಿಕೆ ನಿನ್ನ ಬೆಂಗಳೂರಿನಲ್ಲಿ ಸಿಗಲಾರದು.

ಈಗ ನಮ್ಮ ತಲೆನೋವಿನ ವಿಷಯಕ್ಕೆ ಬರುತ್ತೇನೆ. ಪುಸ್ತಕ.

ಲೈಬ್ರರಿಗೆ ಪುಸ್ತಕ ತರುವುದು ಏನು ದೊಡ್ಡ ವಿಷಯ ಅಂತ ನೀನು ಕೇಳಬಹುದು. ನಮಗೆ ಅದೇ ದೊಡ್ಡದು. ದುಡ್ಡು ಕೇರಳದ್ದು, ನಮಗೆ ಬೇಕಾದ ಪುಸ್ತಕ ಕರ್ನಾಟಕದಲ್ಲಿ. ಅನುದಾನದ ದೊಡ್ಡ ಭಾಗವನ್ನು ಪುಸ್ತಕಕ್ಕೇ ಖರ್ಚು ಮಾಡಬೇಕು, ಅದು ಒಳ್ಳೆಯ ನಿಯಮ. ಲೈಬ್ರರಿಗಳು ಒಟ್ಟಿಗೆ ಖರೀದಿ ಮಾಡಲಿ ಅಂತ ಜಿಲ್ಲೆಯಲ್ಲಿ ಪುಸ್ತಕ ಮೇಳ ನಡೆಯುತ್ತದೆ. ಒಂದೇ ಕಡೆ ಎಲ್ಲ ಪ್ರಕಾಶಕರು, ಒಳ್ಳೆಯ ರಿಯಾಯಿತಿ, ಸರಿಯಾದ ಬಿಲ್ಲು. ಮಲಯಾಳಂ ಲೈಬ್ರರಿಯವರು ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಜೀಪು ತುಂಬಿಸಿ ಹೋಗುತ್ತಾರೆ. ನಾವು ಸಾಲು ಸಾಲು ಮಳಿಗೆ ದಾಟಿ ಕನ್ನಡ ಎಲ್ಲಿದೆ ಅಂತ ಹುಡುಕುತ್ತೇವೆ. ಸಿಕ್ಕಿದರೂ ದೊಡ್ಡವರ ಕಾದಂಬರಿ, ಪೂಜೆಯ ಪುಸ್ತಕ, ಅಡುಗೆ ಪುಸ್ತಕ. ಎಂಟು ವರ್ಷದ ಮಗು ತಾನಾಗಿ ಓದುವಂಥ, ದೊಡ್ಡ ಅಕ್ಷರದ, ಬಣ್ಣದ ಚಿತ್ರದ ಕನ್ನಡ ಪುಸ್ತಕ ನಮಗೆ ಬೇಕಾದಷ್ಟು ಅಲ್ಲಿ ಸಿಕ್ಕಿದ್ದಿಲ್ಲ.

ಹಾಗಾದರೆ ಮಂಗಳೂರಿನಿಂದ, ಬೆಂಗಳೂರಿನಿಂದ ತನ್ನಿ ಅನ್ನುತ್ತೀಯ. ತರುತ್ತೇವೆ. ಆಗ ರಿಯಾಯಿತಿ ಕಡಿಮೆ, ಸಾಗಾಟದ ಖರ್ಚು ನಮ್ಮದು. ಆಮೇಲೆ ಲೆಕ್ಕ ತೋರಿಸುವಾಗ ಬಿಲ್ಲು ಕನ್ನಡದಲ್ಲಿದೆ, ಇದರಲ್ಲಿ ಏನು ಬರೆದಿದೆ ಅಂತ ಪ್ರಶ್ನೆ. ಒಮ್ಮೆ ಪರಿಶೀಲನೆಗೆ ಬಂದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯರು, ನಮ್ಮ ಮಕ್ಕಳ ಹಾಡು ಕೇಳಿ ಚಪ್ಪಾಳೆಯನ್ನೂ ತಟ್ಟಿದರು. ಆದರೆ ಸ್ಟಾಕ್ ರಿಜಿಸ್ಟರ್ ತೆರೆದು, ಇಷ್ಟೂ ಪುಸ್ತಕದ ಹೆಸರು ಮಲಯಾಳಂ ಅಥವಾ ಇಂಗ್ಲಿಷಿನಲ್ಲಿ ಬೇಕು ಅಂದರು. ಸಭೆಯ ನಡಾವಳಿಯೂ ಹಾಗೇ. ಶಿಬಿರದ ವರದಿಯೂ ಹಾಗೇ. ಲೈಬ್ರರಿಯನ್ ಅಂತ ಇರುವವರು ಒಬ್ಬರು, ಅವರಿಗೆ ಸಿಗುವುದು ಸಣ್ಣ ಗೌರವಧನ. ಮಕ್ಕಳಿಗೆ ಕಥೆ ಓದಿ ಹೇಳಬೇಕಾದ ಸಂಜೆಗಳಲ್ಲಿ ಅವರು ಒಂದೇ ರಿಜಿಸ್ಟರನ್ನು ಎರಡನೇ ಸಲ ಬರೆಯುತ್ತಾ ಕೂರುತ್ತಾರೆ.

ಕಾನೂನು ನಮ್ಮ ಪರ ಇಲ್ಲ ಅಂತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಮಾತು ಸ್ಪಷ್ಟವಾಗಿ ಇದೆ. ನಾವು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಮೇಜಿನ ಆಚೆ ಕುಳಿತವರಿಗೆ ಕನ್ನಡ ಬಾರದಿದ್ದರೆ ಎಂತ ಮಾಡುವುದು? ಹಕ್ಕು ಅಂತ ಹಟ ಹಿಡಿದರೆ ಕಡತ ಅಲ್ಲೇ ಕೂರುತ್ತದೆ, ಶಿಬಿರದ ಸಮಯ ಮುಗಿಯುತ್ತದೆ. ಅದಕ್ಕೆ ನಾವೇ ಅನುವಾದ ಮಾಡಿ ಕೊಡುತ್ತೇವೆ. ಮುಂದಿನ ವರ್ಷ ಇನ್ನೊಬ್ಬರು ಬರುತ್ತಾರೆ, ಮತ್ತೆ ಶುರು.

ಕರ್ನಾಟಕದ ಕಡೆಯಿಂದಲೂ ದಾರಿ ಸಲೀಸಾಗಿಲ್ಲ. ಅಲ್ಲಿನ ಗ್ರಂಥಾಲಯ ಇಲಾಖೆ ಪ್ರಕಾಶಕರಿಂದ ಸಗಟಾಗಿ ಕೊಳ್ಳುವ ಪುಸ್ತಕ ಅಲ್ಲಿನ ಗ್ರಂಥಾಲಯಗಳಿಗೆ. ಅದು ನ್ಯಾಯವೇ, ಆ ದುಡ್ಡು ಅಲ್ಲಿನ ಜನರ ತೆರಿಗೆ. ನಮ್ಮ ಕರ ಸೇರುವುದು ಇಲ್ಲಿ. ಇಲ್ಲಿನ ಪ್ರತಿ ಮನೆಯ ಕಟ್ಟಡ ತೆರಿಗೆಯ ಮೇಲೆ ಶೇ. 5 ಲೈಬ್ರರಿ ಸೆಸ್ ಉಂಟು. ನಾನೂ ಕಟ್ಟುತ್ತೇನೆ, ಫೋಟೋದಲ್ಲಿರುವ ಮಕ್ಕಳ ಅಪ್ಪ ಅಮ್ಮಂದಿರೂ ಕಟ್ಟುತ್ತಾರೆ. ಹಾಗಾಗಿ ಈ ಅನುದಾನವನ್ನು ಯಾರೋ ನಮಗೆ ಕೊಡುವ ಉಪಕಾರ ಅಂತ ನಾನು ಒಪ್ಪುವುದಿಲ್ಲ. ನಮ್ಮ ದುಡ್ಡಿನಲ್ಲಿ ನಮ್ಮ ಮಕ್ಕಳ ಭಾಷೆಯ ಪುಸ್ತಕ ಸುಲಭವಾಗಿ ಕೊಳ್ಳುವಂತಾಗಲಿ. ಕೇಳುತ್ತಿರುವುದು ಅಷ್ಟೇ.

ಇದರ ಬಿಸಿ ಜಾಸ್ತಿ ತಟ್ಟುವುದು ಯುವಕರಿಗೆ. ರಜೆಯಲ್ಲಿ ಸಂಜೆ ಹೊತ್ತು ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರು ನಮ್ಮ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಕೇರಳದ ಪಿಎಸ್‌ಸಿ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಕೊಡುತ್ತದೆ, ಅದು ದೊಡ್ಡ ವಿಷಯ. ಆದರೆ ಓದಲು ಗೈಡ್? ಕನ್ನಡದಲ್ಲಿ ಅಂಗಡಿ ತುಂಬ ಸಿಗುವ ಗೈಡುಗಳು ಕರ್ನಾಟಕದ ಪರೀಕ್ಷೆಗೆ ಬರೆದವು. ಅವುಗಳಲ್ಲಿ ಒಡೆಯರ್ ಇದ್ದಾರೆ, ಕೃಷ್ಣರಾಜಸಾಗರ ಇದೆ. ಇಲ್ಲಿ ಕೇಳುವುದು ಶ್ರೀ ನಾರಾಯಣ ಗುರು, ಅಯ್ಯಂಕಾಳಿ, ವೈಕಂ ಸತ್ಯಾಗ್ರಹ, ಇಡುಕ್ಕಿ ಅಣೆಕಟ್ಟು. ಹಾಗಾಗಿ ಮಲಯಾಳಂ ಚೆನ್ನಾಗಿ ಬರುವ ಒಬ್ಬಳು ಜೋರಾಗಿ ಓದುತ್ತಾಳೆ, ಉಳಿದವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಆ ನೋಟ್ಸ್ ಜೆರಾಕ್ಸ್ ಆಗಿ ಪಕ್ಕದ ಊರುಗಳಿಗೂ ಹೋಗುತ್ತದೆ. ಅವರನ್ನು ನೋಡುವಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ಕಲಿಯುವ ಸಮಯವನ್ನೆಲ್ಲ ಅನುವಾದಕ್ಕೆ ಕಳೆದುಕೊಳ್ಳುತ್ತಿದ್ದಾರೆ.

ಫೋಟೋದಲ್ಲಿ ಬಾಗಿಲ ಹತ್ತಿರ ಕಂಡ ಬೋರ್ಡ್ ಬಗ್ಗೆಯೂ ನೀನು ಕೇಳಿದ್ದೆ. ಅದು ಊರಿನ ಸುದ್ದಿಯ ಬೋರ್ಡ್. ಪಂಚಾಯತಿನ ಪ್ರಕಟಣೆ, ರೇಷನ್ ಕಾರ್ಡಿನ ತಿದ್ದುಪಡಿ, ಕಣ್ಣಿನ ತಪಾಸಣೆ, ರಕ್ತ ಬೇಕು, ಹಸು ಕಳೆದಿದೆ, ಎಲ್ಲವೂ ಅಲ್ಲಿ. ಎಂಡೋಸಲ್ಫಾನ್ ಸಂತ್ರಸ್ತರ ವೈದ್ಯಕೀಯ ಶಿಬಿರದ ದಿನ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಅಂಟಿಸುತ್ತೇವೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು. ಅದರ ನೋವು ಇನ್ನೂ ಎಷ್ಟೋ ಮನೆಗಳಲ್ಲಿದೆ. ಅಂಥ ಮನೆಯ ಅಮ್ಮನಿಗೆ ಶಿಬಿರ ಯಾವ ದಿನ, ಯಾವ ಕಾಗದ ತರಬೇಕು ಅನ್ನುವುದು ತನಗೆ ಓದಲು ಬರುವ ಅಕ್ಷರದಲ್ಲಿ ಸಿಗಬೇಕು. ಮಲಯಾಳಂ ನೋಟಿಸು ಬಂದ ದಿನವೇ ನಾವು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಹಚ್ಚುವುದು ಅದಕ್ಕೇ. ಮಲಯಾಳಂ ಲೈಬ್ರರಿ ಮಾಡಬಹುದಲ್ಲ ಅಂದೆಯಲ್ಲ, ಆ ಅಮ್ಮನಿಗೆ ನಾನು ಎಂತ ಹೇಳಲಿ?

ಶಾಲೆಗಳ ಸ್ಥಿತಿಯೂ ನಿನಗೆ ಪೇಪರಿನಲ್ಲಿ ಓದಿ ಗೊತ್ತಿರಬಹುದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದಕ್ಕೆ ಇಲ್ಲಿ ಎಷ್ಟೋ ಸಲ ಪ್ರತಿಭಟನೆ ಆಗಿದೆ. ಮಗು ಕೇಳಿದ್ದು ಶಿಕ್ಷಕರಿಗೆ ಅರ್ಥ ಆಗುವುದಿಲ್ಲ, ಶಿಕ್ಷಕರು ಹೇಳಿದ್ದು ಮಗುವಿಗೆ ತಲುಪುವುದಿಲ್ಲ. ಅಂಥ ವರ್ಷ ಕಳೆದು ಬಂದ ಮಗು ಐದನೇ ಕ್ಲಾಸಿನಲ್ಲಿದ್ದರೂ ಒತ್ತಕ್ಷರಕ್ಕೆ ತಡವರಿಸುತ್ತದೆ. ಏಪ್ರಿಲ್, ಮೇ ನಮಗೆ ಅದಕ್ಕೇ ಮುಖ್ಯ. ನಮಗೆ ಸಿಗುವುದು ಆ ಎರಡು ತಿಂಗಳು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ತೆಗೆದು ಹೊಲಿದು ಪುಸ್ತಕ ಮಾಡಲು ಅನುಮತಿಯೂ ಉಂಟು. ಬಣ್ಣದ ಪ್ರಿಂಟಿಗೆ ದುಡ್ಡು ಸಾಲದಾದಾಗ ಕಪ್ಪು ಬಿಳುಪಿನಲ್ಲಿ ತೆಗೆದು ಮಕ್ಕಳ ಕೈಯಲ್ಲೇ ಬಣ್ಣ ಹಾಕಿಸುತ್ತೇವೆ. ಹಾಗೆ ಮಾಡಿದ ಪುಸ್ತಕವನ್ನು ಅವರು ಅಂಗಡಿಯ ಪುಸ್ತಕಕ್ಕಿಂತ ಹೆಚ್ಚು ಸಲ ಓದುತ್ತಾರೆ. ಆದರೆ ಬೆಲೆ, ಬಿಲ್ಲು ಇಲ್ಲದ ಕಾರಣ ಖರೀದಿಯ ಲೆಕ್ಕಕ್ಕೆ ಅದು ಬರುವುದಿಲ್ಲ.

ಕೊನೆಗೆ ನೀನು ಮನೆಯಲ್ಲಿರುವ ಹಳೆಯ ಪುಸ್ತಕ ಕಳಿಸುತ್ತೇನೆ ಅಂದಿದ್ದೀಯ. ಒಳ್ಳೆಯ ಮನಸ್ಸಿನಿಂದ ಹೇಳಿದ್ದೀಯ, ಗೊತ್ತು. ಆದರೆ ದಯವಿಟ್ಟು ಹಳೆಯ ವಾರಪತ್ರಿಕೆಯ ಕಟ್ಟು, ಕರ್ನಾಟಕದ ಹಳೆಯ ಪಠ್ಯಪುಸ್ತಕ ಬೇಡ. ರಾಜ್ಯೋತ್ಸವದ ಹೊತ್ತಿಗೆ ಅಂಥವು ತುಂಬಾ ಬರುತ್ತವೆ, ನಮ್ಮ ಮಕ್ಕಳಿಗೆ ಪಾಠವೇ ಬೇರೆ. ನಿಜವಾಗಿ ಕೊಡಬೇಕು ಅನ್ನಿಸಿದರೆ ಆರರಿಂದ ಹನ್ನೆರಡು ವರ್ಷದವರು ಓದುವ ಹೊಸ ಚಿತ್ರಕಥೆ ಪುಸ್ತಕ ಕೊಡು. ವಿಜ್ಞಾನದ್ದು, ಹಕ್ಕಿ ಮರಗಳದ್ದು ಆದರೆ ಇನ್ನೂ ಒಳ್ಳೆಯದು. ಒಂದೇ ಪುಸ್ತಕದ ಎರಡು ಪ್ರತಿ ಇರಲಿ, ಇಬ್ಬರು ಒಟ್ಟಿಗೆ ಓದುತ್ತಾರೆ. ಜೊತೆಗೆ ಪುಸ್ತಕದ ಹೆಸರು, ಲೇಖಕರು, ಬೆಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಪಟ್ಟಿ ಇಡು. ಅಷ್ಟು ಮಾಡಿದರೆ ಲೈಬ್ರರಿಯನ್ನರ ಒಂದು ವಾರದ ಕೆಲಸ ಉಳಿಯುತ್ತದೆ. ಶಿಬಿರ ಮುಗಿಯುವ ಮೊದಲು ತಲುಪಿದರೆ ಮಕ್ಕಳೇ ನಂಬರ್ ಹಾಕುತ್ತಾರೆ. ಜೂನ್ ಆದರೆ ಪ್ಲಾಸ್ಟಿಕ್ಕಿನಲ್ಲಿ ಚೆನ್ನಾಗಿ ಸುತ್ತಿ ಕಳಿಸು. ಇಲ್ಲಿ ಮಳೆ ಜಾಸ್ತಿ.