ಮಗಳ ಆರತಿ ಮಂಟಪದಲ್ಲಾ, ಮನೆಯಲ್ಲಾ? ಅವಳನ್ನು ಕೇಳಿದಿರಾ?

ಮಗಳು ಮೈನೆರೆದಿದ್ದಾಳೆ, ಕೊಟ್ಟ ಮುಯ್ಯಿ ವಾಪಸ್ ಬರಬೇಕು, ಆರತಿ ಮಂಟಪದಲ್ಲಿ ಮಾಡೋದಾ ಮನೆಯಲ್ಲಾ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ತಾಳವಾಡಿ ಕಡೆ. ಜಿಲ್ಲೆ ಈರೋಡು, ಮನೆಮಾತು ಕನ್ನಡ. ಚಾಮರಾಜನಗರದ ನೆಂಟರು "ಗುಡ್ಲು ಹಾಕಿದ್ರಾ" ಅಂದರೆ, ದಿಂಬಂ ಘಾಟಿ ಇಳಿದರೆ ಸಿಗುವ ಸತ್ಯಮಂಗಲದವರು "ಮಂಜಳ್ ನೀರಾಟ್ಟು ಯಾವಾಗ" ಅಂತಾರೆ. ಗುಡ್ಲು ಅಂದರೆ ಮೈನೆರೆದ ಹುಡುಗಿಯನ್ನು ಕೂರಿಸುವ ಗುಡಿಸಲು, ಮಂಜಳ್ ನೀರಾಟ್ಟು ಅಂದರೆ ಅರಿಶಿನ ನೀರಿನ ಸ್ನಾನ. ನಾವು ಎರಡೂ ಮಾಡಿದೆವು. ಸೋದರಮಾವ, ಅಂದರೆ ನನ್ನ ತಮ್ಮ, ತೆಂಗಿನ ಗರಿ, ಹಸಿರು ಸೊಪ್ಪು ತಂದು ಗುಡ್ಲು ಕಟ್ಟಿದ. ಅತ್ತೆ ದಿನಾ ಉದ್ದಿನ ಕಳಿ, ಚಿಗಳಿ ತಿನ್ನಿಸಿದರು. ಅಜ್ಜಿಯರು ಅರಿಶಿನ ನೀರು ಹುಯ್ದು, ಸೋಬಾನೆ ಹೇಳಿ ಆರತಿ ಎತ್ತಿದರು. ಮಗಳು ಖುಷಿಯಾಗೇ ಇದ್ದಳು. ಈ ಶಾಸ್ತ್ರವನ್ನು ನಾನು ಬಯ್ಯುವುದಿಲ್ಲ. ಸುತ್ತ ಕೂತು ಹಾಡುವವರಿದ್ದರೆ ಹುಡುಗಿಯ ಹೆದರಿಕೆ ಅರ್ಧ ಇಳಿಯುತ್ತದೆ.

ಎಡವಿದ್ದು ಮಗಳ ಫೋಟೋ ಹಾಕಿ ಊರಲ್ಲಿ ನಿಲ್ಲಿಸುವ ಫ್ಲೆಕ್ಸ್ ವಿಷಯದಲ್ಲಿ. ಮಂಟಪದ ಫಂಕ್ಷನ್‌ಗೆ ನಾಲ್ಕು ದಿನ ಇತ್ತು. ತಮ್ಮ ವಾಟ್ಸಾಪಿನಲ್ಲಿ "ಪಾಪೂದು ಒಂದು ಫೋಟೋ ಕಳಿಸಕ್ಕ" ಅಂದ. ನಾನು ದಿನಸಿ ಪಟ್ಟಿ ಬರೆಯುತ್ತಿದ್ದೆ. ಎರಡು ಜಡೆ ಹಾಕಿದ್ದ ಫೋಟೋ ಒಂದಿತ್ತು, ಕಳಿಸಿಬಿಟ್ಟೆ. ಮಗಳು ಹತ್ತು ಹೆಜ್ಜೆ ಆಚೆ ಗುಡ್ಲಲ್ಲೇ ಕೂತಿದ್ದಳು. ಎದ್ದು ಹೋಗಿ "ಹಾಕಿಸಲಾ ಕಂದಾ" ಅಂತ ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ತೋಚಲೇ ಇಲ್ಲ. ನನ್ನ ಕಾಲದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಊರಲ್ಲಿ ಎಲ್ಲರೂ ಹಾಕಿಸುತ್ತಾರೆ, ಮಾವನಿಗೆ ಮರ್ಯಾದೆ ಅಂದುಕೊಂಡೆ. ಆ ಹತ್ತು ಹೆಜ್ಜೆ ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಫ್ಲೆಕ್ಸ್ ನಿಂತಿದ್ದು ಬಸ್ ಸ್ಟಾಪಿನ ಎದುರು. ಸ್ಕೂಲ್ ಹುಡುಗರೆಲ್ಲ ಅಲ್ಲೇ ಬಸ್ಸಿಗೆ ಕಾಯುವುದು. ಮೊದಲು ಗೆಳತಿಯರಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ ಇಡೀ ಶಾಲೆಗೆ ಗೊತ್ತಾಯಿತು. ಅವಳನ್ನು ನೋಡಿದರೆ ಹುಡುಗರು ಫ್ಲೆಕ್ಸಿನ ಸಾಲು ಜೋರಾಗಿ ಓದುತ್ತಿದ್ದರಂತೆ. ಇದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅಷ್ಟು ದಿನ ಹೊಟ್ಟೆನೋವು ಅಂತ ಶಾಲೆ ತಪ್ಪಿಸುತ್ತಿದ್ದಳು, ನಾನು ಮುಟ್ಟಿನ ನೋವು ಅಂತ ಮೆಂತ್ಯ ಕುಡಿಸುತ್ತಿದ್ದೆ. ಕೊನೆಗೆ ತಂಗಿ ಮನೆಯಲ್ಲಿ ಬಿಟ್ಟು ಓದಿಸಬೇಕಾಯಿತು. ಹನ್ನೆರಡು ವರ್ಷದ ಮಗು ಮನೆ ಬಿಟ್ಟು ಹೋಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮುಯ್ಯಿಯನ್ನು ಗೃಹಪ್ರವೇಶಕ್ಕೋ ಮದುವೆಗೋ ವಸೂಲಿ ಮಾಡಿಕೊಳ್ಳಿ. ಮಗಳ ಮುಟ್ಟಿನ ಮೇಲೆ ಬೇಡ. ಶಾಲೆಯನ್ನೂ ಜಾಸ್ತಿ ದಿನ ಬಿಡಿಸಬೇಡಿ. ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ ಅಂತ ಈಗಲೇ ಹೇಳಿಬಿಡಿ, ಇಲ್ಲದಿದ್ದರೆ ಒಬ್ಬಳೇ ಗಾಬರಿಪಡುತ್ತಾಳೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು ಅಂತ ಹೇಳಿಕೊಡಿ. ತಮಿಳುನಾಡಿನ ಸರ್ಕಾರಿ ಶಾಲೆಯಾದರೆ ಪುದು ಯುಗಂ ಯೋಜನೆಯಲ್ಲಿ ಪ್ಯಾಡ್ ಪುಕ್ಕಟೆ ಕೊಡುತ್ತಾರೆ.

ಕಳೆದ ವರ್ಷ ತಮ್ಮನ ಮಗಳು ದೊಡ್ಡವಳಾದಳು. ನನ್ನ ಮಗಳೇ ಹೋಗಿ ಪಕ್ಕದಲ್ಲಿ ಕೂತು, ಏನು ಬೇಕು, ಏನು ಬೇಡ ಅಂತ ಕೇಳಿ ಬರೆದುಕೊಂಡಳು. ಗುಡ್ಲು ಬೇಕು, ರೇಷ್ಮೆ ಲಂಗ ಬೇಕು, ಉದ್ದಿನ ಕಳಿ ಬೇಡ, ಫೋಟೋ ಮನೆಯವರು ಮಾತ್ರ ತೆಗೆಯಬೇಕು ಅಂದಳು ಆ ಹುಡುಗಿ. ಕಳಿ ವಿಷಯಕ್ಕೆ ಮಾತ್ರ ಅತ್ತೆ ಒಪ್ಪಲಿಲ್ಲ.